ಹಿತ್ತಿಲ ಬಾಗಿಲಿಂದ ಓ-ರಿಂಗ್ ಮಾರಿದ ಕಥೆ

ರಬ್ಬರ್ ಸೀಲ್ (ಪಂಪ್, ಮೆಷಿನ್‌ಗಳಲ್ಲಿ ಸೋರಿಕೆ ತಡೆಯುವ ಬಳೆ, ಅದೇ ಓ-ರಿಂಗ್) ಮಾಡಲು ಇಳಿದಾಗ "ನಿನ್ನ ರಿಂಗ್ ಯಾರು ತಗೋತಾರೆ?" ಅನ್ನದವರಿಲ್ಲ. ಅಂದವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಜಾಬ್‌ವರ್ಕ್ ಕೇಳುತ್ತಾರೆ.

ರಬ್ಬರನ್ನು ಬಿಸಿಯಲ್ಲಿ ಒತ್ತುವ ಪ್ರೆಸ್, ಆಕಾರ ಕೊಡುವ ಮೋಲ್ಡ್ ಎಲ್ಲ ದುಡ್ಡು ಕೊಟ್ಟರೆ ಸಿಗುತ್ತವೆ. ಸಿಗದಿದ್ದದ್ದು ವೆಂಡರ್ ಕೋಡ್, ಅಂದರೆ ದೊಡ್ಡ ಫ್ಯಾಕ್ಟರಿಗಳು ತಮ್ಮ ಸಪ್ಲೈಯರ್ ಪಟ್ಟಿಗೆ ಸೇರಿಸಿ ಕೊಡುವ ನಂಬರ್. ಕೋಡ್ ಬೇಕಾದರೆ 3 ವರ್ಷ ಸಪ್ಲೈ ಮಾಡಿರಬೇಕು. ಸಪ್ಲೈ ಮಾಡಬೇಕಾದರೆ ಕೋಡ್ ಇರಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ!

ಮೊದಲ ವರ್ಷ ರೇಟ್ ಇಳಿಸಿ ನೋಡಿದೆ. ನಾನು 10 ಪರ್ಸೆಂಟ್ ಇಳಿಸಿದರೆ ಹಳಬರು 15 ಇಳಿಸುತ್ತಿದ್ದರು. ಅವರು ಕಾಂಪೌಂಡ್ (ಮಿಶ್ರಣ ಮಾಡಿದ ಕಚ್ಚಾ ರಬ್ಬರ್) ಟನ್‌ಗಟ್ಟಲೆ ಕೊಳ್ಳುವವರು, ನಾನು 25 ಕೆಜಿ ಗಿರಾಕಿ. ಕೈಲಿದ್ದ ದುಡ್ಡಲ್ಲಿ ಹೆಚ್ಚುಕಮ್ಮಿ 40 ಪರ್ಸೆಂಟ್ ಹೀಗೇ ಕರಗಿತು.

ಆಮೇಲೆ ಪರ್ಚೇಸ್‌ನವರನ್ನು ಬಿಟ್ಟು ಮೇಂಟೆನೆನ್ಸ್‌ನವರ ಹಿಂದೆ ಬಿದ್ದೆ. ಪಂಪ್ ನಿಂತಾಗ ಅವರಿಗೆ ಬೇಕಾಗುವುದು 6 ರಿಂಗ್, ಅದೂ ನಾಳೆ ಬೆಳಗ್ಗೆಗೆ. ದೊಡ್ಡವರು 500ಕ್ಕಿಂತ ಕಮ್ಮಿ ಆದರೆ ಮುಟ್ಟಲ್ಲ. ಇಷ್ಟು ಸಣ್ಣ ಖರೀದಿಗೆ ಕೋಡ್ ಯಾರೂ ಕೇಳಲ್ಲ, ದುಡ್ಡೂ ಕೈಗೇ ಬರುತ್ತದೆ. ಡ್ರಾಯಿಂಗ್ ಮಾತ್ರ ಇರುತ್ತಿರಲಿಲ್ಲ, ಹಳೇ ರಿಂಗ್ ಕೊಡುತ್ತಿದ್ದರು. ಅದನ್ನು ಅಳೆದು ಎರಡು ಸಲ ಕೆಟ್ಟೆ. ಎಣ್ಣೆ ಕುಡಿದು ಊದಿರುತ್ತದೆ ಅಲ್ವಾ? ಈಗ ನಾನೇ ಹೋಗಿ ರಿಂಗ್ ಕೂರುವ ಗ್ರೂವ್ ಅಳೆಯುತ್ತೇನೆ.

6 ರಿಂಗ್‌ಗೆ ಮೋಲ್ಡ್ ಖರ್ಚು ಹೇಗೆ ಗಿಟ್ಟುತ್ತದೆ ಅಂತೀರಾ? ಅದೊಂದನ್ನು ಕೇಳಬೇಡಿ. ತ್ರೀಡಿ ಪ್ರಿಂಟ್ ಅಂತೂ ಅಲ್ಲ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೇ ಮೆತ್ತಗಾಗುತ್ತದೆ, ನಮ್ಮ ಪ್ರೆಸ್ ಓಡುವುದು 170ರಲ್ಲಿ. ಶಾಖ ತಡೆಯುವ ರೆಸಿನ್‌ನಲ್ಲೂ ಸುಮ್ನೆ ಒಂದು ಮೋಲ್ಡ್ ಮಾಡಿ ನೋಡಿದೆ. ಮೂರನೇ ಸಲಕ್ಕೆ ಬಿರುಕು ಬಿಟ್ಟಿತು.

ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ವೈಟಾನ್, ಹೆಚ್ಚು ಶಾಖ ತಡೆಯುವ ರಬ್ಬರ್. ಮಾಮೂಲಿ ನೈಟ್ರೈಲ್ ರಬ್ಬರಿನ ಮೋಲ್ಡಿನಲ್ಲೇ ಹಾಕಿ ತೆಗೆದೆ. ವೈಟಾನ್ ಜಾಸ್ತಿ ಕುಗ್ಗುತ್ತದೆ ಅಂತ ಗೊತ್ತಿದ್ದೂ, ಇಷ್ಟು ಸಣ್ಣ ಸೈಜಿಗೆ ಏನಾಗುತ್ತದೆ ಅಂದುಕೊಂಡೆ. 200 ರಿಂಗ್ ಸ್ಕ್ರ್ಯಾಪ್. ಅದೂ ನೈಟ್ರೈಲ್‌ಗಿಂತ ಎಷ್ಟೋ ಪಟ್ಟು ದುಬಾರಿ ಮಾಲು.

14 ತಿಂಗಳು ಹೀಗೇ ನಡೆಯಿತು. ಒಂದು ದಿನ ಮೇಂಟೆನೆನ್ಸ್‌ನವರೇ ಪರ್ಚೇಸ್‌ಗೆ ಬರೆದರು, ಇವರ ಮಾಲೇ ಬೇಕು ಅಂತ. 3 ವರ್ಷದ ಮಾತು ಯಾರೂ ಎತ್ತಲಿಲ್ಲ, ಕೋಡ್ ಬಂತು.

ಕೋಡ್ ಜೊತೆ 90 ದಿನದ ಕ್ರೆಡಿಟ್ಟೂ ಬಂತು, ಅಂದರೆ ಮಾಲು ಕೊಟ್ಟ 90 ದಿನಕ್ಕೆ ನನಗೆ ದುಡ್ಡು. ಆರ್ಡರ್ ಮೂರು ಪಟ್ಟಾಯಿತು, ನಾಲ್ಕನೇ ತಿಂಗಳು ಕಾಂಪೌಂಡ್ ತರಲು ದುಡ್ಡಿಲ್ಲ. ಒಂದು ಪ್ರೆಸ್ ಮಾರಿ ಉಳಿದುಕೊಂಡೆ. ಈಗ ಸಾಲದ ಆರ್ಡರ್ 60 ಪರ್ಸೆಂಟ್ ದಾಟಲು ಬಿಡಲ್ಲ. ಉಳಿದದ್ದು ಆ 6 ರಿಂಗ್‌ನವರಿಗೆ. ರಾತ್ರಿ ಹತ್ತಕ್ಕೆ ಫೋನ್ ಬಂದರೂ ಪ್ರೆಸ್ ಬಿಸಿಗಿಡುತ್ತೇನೆ.