ಜಡೆ ಹೆಣಿಗೆಯ ಬೆರಳಿಲ್ಲದ ಕೈಗವಸು

ನಮ್ಮ ಉಡುಪಿ, ಮಂಗಳೂರಿನ ಸೆಕೆಗೆ ಉಲ್ಲನ್ ಕೈಗವಸು ಬೇಡವೇ ಬೇಡ. ಆದರೆ ಘಟ್ಟದ ಮೇಲೆ ಮಂಜಿನಲ್ಲೇ ತೋಟಕ್ಕೆ ಹೊರಡುವ ತಮ್ಮನಿಗೆ, ಬೆಂಗಳೂರಿನ ಎಸಿ ಆಫೀಸಿನಲ್ಲಿ ಇಡೀ ದಿನ ಕೀಬೋರ್ಡ್ ಒತ್ತುವ ಮಗಳಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕೈ ಬೆಚ್ಚಗಿರುತ್ತದೆ, ಬೆರಳು ಕೆಲಸಕ್ಕೆ ಬಿಡುವಾಗಿರುತ್ತದೆ.

4 ಪ್ಲೈ (ನಾಲ್ಕು ಎಳೆಯ) ಉಲ್ಲನ್ ನೂಲು 50 ಗ್ರಾಂ ಇದ್ದರೆ ಒಂದು ಜೊತೆಗೆ ಸಾಕು. ತಿಳಿ ಬಣ್ಣ ಆರಿಸಿ. ಕಪ್ಪಿನಲ್ಲಿ ಜಡೆ ಎದ್ದು ಕಾಣುವುದಿಲ್ಲ, ಮಳೆಗಾಲದ ಮಬ್ಬು ಬೆಳಕಿನಲ್ಲಿ ಹೆಣೆಯುವವರಿಗೂ ಕುಣಿಕೆ ಕಾಣದು. ಹತ್ತಿ ನೂಲು ಹಿಗ್ಗಿ ಮತ್ತೆ ಕುಗ್ಗುವುದಿಲ್ಲ, ನಾಲ್ಕು ದಿನದಲ್ಲಿ ಮಣಿಕಟ್ಟು ಸಡಿಲವಾಗುತ್ತದೆ. ಅಂಚಿಗೆ 10 ನಂಬರಿನ ಕಡ್ಡಿ, ಮೈಗೆ 8 ನಂಬರಿನದು, ಅಂದರೆ 4 ಮಿ.ಮೀ. ನಮ್ಮಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಪೂರ. ಬೆವರಿಗೆ ನೂಲು ಕಡ್ಡಿಗೆ ಅಂಟುತ್ತಿದ್ದರೆ ಅಂಗೈಗೆ ಚೂರು ಪೌಡರ್ ಹಚ್ಚಿಕೊಳ್ಳಿ.

ಅಂಗೈ ಸುತ್ತಳತೆ 18–19 ಸೆಂ.ಮೀ. ಇರುವವರಿಗೆ 42 ಕುಣಿಕೆ ಹಾಕಿ. ಬರೀ ಸೀದಾ (ನಿಟ್) ಹೆಣಿಗೆಗೆ 38 ಸಾಕಾಗುತ್ತಿತ್ತು. ಜಡೆ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ, ಅದಕ್ಕೇ ನಾಲ್ಕು ಹೆಚ್ಚು. ಇದನ್ನು ಮರೆತವರ ಕೈಗವಸು ಗೆಣ್ಣಿನ ಹತ್ತಿರವೇ ಸಿಕ್ಕಿಕೊಳ್ಳುತ್ತದೆ. ಎರಡು ಸೀದಾ, ಎರಡು ಉಲ್ಟಾ (ಪರ್ಲ್) ಹಾಕುತ್ತಾ 5 ಸೆಂ.ಮೀ. ಅಂಚು ಮುಗಿಸಿ.

ಮುಂದಿನದನ್ನು ನಿಧಾನವಾಗಿ ನೋಡಿ. ಎಡಗೈಯದಕ್ಕೆ ಸೀದಾ ಬದಿಯಲ್ಲಿ 6 ಸೀದಾ, 2 ಉಲ್ಟಾ, ಜಡೆಗೆ 6 ಸೀದಾ, 2 ಉಲ್ಟಾ, ಉಳಿದ 26 ಸೀದಾ. ಬಲಗೈಗೆ ಇದೇ ಲೆಕ್ಕ ತಿರುಗಾಮುರುಗ: 26, 2, 6, 2, 6. ಹಿಂಬದಿಯ ಸಾಲುಗಳಲ್ಲಿ ಕುಣಿಕೆ ಕಂಡ ಹಾಗೆ, ಅಂದರೆ ಸೀದಾ ಕಂಡದ್ದನ್ನು ಸೀದಾ, ಉಲ್ಟಾ ಕಂಡದ್ದನ್ನು ಉಲ್ಟಾ ಹೆಣೆಯಿರಿ. ಎರಡನ್ನೂ ಒಂದೇ ಥರ ಹೆಣೆದರೆ ಒಂದರ ಜಡೆ ಅಂಗೈ ಒಳಗೆ ಬಂದು ಕೂರುತ್ತದೆ. ಪೂರಾ ಬಿಚ್ಚದೆ ಅದಕ್ಕೆ ದಾರಿಯಿಲ್ಲ.

ಜಡೆ ತಿರುವುವುದು ಆರು ಸಾಲಿಗೊಮ್ಮೆ, ಯಾವಾಗಲೂ ಸೀದಾ ಬದಿಯಲ್ಲೇ. ಮೂರು ಕುಣಿಕೆಯನ್ನು ದೊಡ್ಡ ಪಿನ್ನಿಗೆ ಇಳಿಸಿ ಮುಂದಕ್ಕೆ ಬಿಡಿ, ಆಚೆಯ ಮೂರನ್ನು ಹೆಣೆಯಿರಿ, ಆಮೇಲೆ ಪಿನ್ನಿನದ್ದನ್ನು. ಜಡೆ ಎಡಕ್ಕೆ ವಾಲುತ್ತದೆ. ಬಲಗೈಗೆ ಪಿನ್ನನ್ನು ಹಿಂದಕ್ಕೆ ಬಿಡಿ, ಬಲಕ್ಕೆ ವಾಲಿ ಒಂದಕ್ಕೊಂದು ಜೋಡಿಯಾಗುತ್ತದೆ. ನಾಲ್ಕು ಸಾಲಿಗೇ ತಿರುವಿದರೆ ಬಟ್ಟೆ ರಟ್ಟಿನ ಹಾಗೆ ಬಿರುಸಾಗುತ್ತದೆ. ತಿರುವುವ ಮೊದಲಿನ ಸಾಲಿನಲ್ಲಿ ಆ ಆರು ಕುಣಿಕೆಯನ್ನು ಸ್ವಲ್ಪ ಸಡಿಲ ಬಿಟ್ಟರೆ ಎಳೆದಾಟವಿಲ್ಲ. ಒಂದು ತಿರುವು ತಪ್ಪಿದ್ದು ಮೇಲೆ ಹೋದ ಮೇಲೆ ಕಂಡರೆ ಗಾಬರಿ ಬೇಡ. ಆ ಆರು ಕುಣಿಕೆಗಳನ್ನು ಮಾತ್ರ ಅಲ್ಲಿಯವರೆಗೆ ಬಿಚ್ಚಿ, ತಿರುವಿ, ಬಿಟ್ಟುಹೋದ ಎಳೆಗಳನ್ನೇ ಒಂದೊಂದಾಗಿ ಹಿಡಿದು ಸಪೂರ ಕಡ್ಡಿಯಲ್ಲಿ ಮೇಲಕ್ಕೆ ಹೆಣೆದು ತನ್ನಿ. ಉಳಿದ 36 ಕುಣಿಕೆ ಮುಟ್ಟಬೇಕಾಗಿಲ್ಲ.

ಕೆಳಗಿನ ಅಂಚು ಬಿಟ್ಟು ಹೀಗೆ 12 ಸೆಂ.ಮೀ. ಆದ ಮೇಲೆ 10 ನಂಬರಿನಲ್ಲಿ 2 ಸೆಂ.ಮೀ. ಅಂಚು. ಮುಚ್ಚುವಾಗ ಮತ್ತೆ 8 ನಂಬರಿನ ಕಡ್ಡಿ ತೆಗೆದುಕೊಳ್ಳಿ, ಬಿಗಿಯಾದರೆ ಬೆರಳ ಬುಡದಲ್ಲಿ ಗೀರು ಬೀಳುತ್ತದೆ. ಬದಿ ಹೊಲಿಯುವಾಗ ಕೆಳಗಿನಿಂದ 10 ಸೆಂ.ಮೀ. ಹೊಲಿದು, ಹೆಬ್ಬೆರಳಿಗೆ 5 ಸೆಂ.ಮೀ. ಬಿಟ್ಟು, ಮೇಲಿನ 4 ಹೊಲಿಯಿರಿ. ಹೆಬ್ಬೆರಳಿಗೆ ಬಿಟ್ಟ ಬಾಯಿಯ ಎರಡೂ ತುದಿಗೆ ಮೂರು ಸುತ್ತು ಹೊಲಿಗೆ ಬೇಕೇ ಬೇಕು, ಮೊದಲು ಹರಿಯುವುದು ಅಲ್ಲೇ.

ತೊಳೆದ ಮೇಲೆ ಹಿಂಡಬೇಡಿ. ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಒಣಗಿಸಿ. ಆಟಿ ತಿಂಗಳ ಮಳೆಯಲ್ಲಿ ಇದಕ್ಕೆ ಎರಡು ದಿನ ಹಿಡಿದರೂ ಹಿಡಿಯಿತು. ಒಳಮೈ ಮುಟ್ಟಿ ತಣ್ಣಗಿದ್ದರೆ ಕಪಾಟಿಗೆ ಇಡಬೇಡಿ, ಬೂಷ್ಟು ಬರುತ್ತದೆ.