ಮೊದಲು ತುಟಿ, ಆಮೇಲೆ ಕಹಳೆ

ಶಾಲೆಯ ಸಂಗೀತ ಪಿರಿಯಡ್ ಎಂದರೆ ನಮ್ಮಲ್ಲಿ ಹಾರ್ಮೋನಿಯಂ, ತಾಳ, ಹೆಚ್ಚೆಂದರೆ ಒಂದು ಕೀಬೋರ್ಡ್. ಊದುವ ಹಿತ್ತಾಳೆ ವಾದ್ಯಗಳು ಮಕ್ಕಳ ಕೈಗೆ ಬರುವುದು ಹೈಸ್ಕೂಲಿನಲ್ಲಿ, ಅದೂ ಆಗಸ್ಟ್ 15 ಹತ್ತಿರ ಬಂದಾಗ. ಎಂಟನೇ ಕ್ಲಾಸಿನ ಹುಡುಗನಿಗೆ ಬ್ಯೂಗಲ್ ಕೊಟ್ಟು ‘ಊದು’ ಅನ್ನುತ್ತಾರೆ. ಅವನು ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಊದುತ್ತಾನೆ. ‘ಫೂ’ ಎಂದು ಗಾಳಿ ಹೋಗುತ್ತದೆಯೇ ಹೊರತು ಸದ್ದು ಹೊರಡುವುದಿಲ್ಲ. ನಾಲ್ಕು ದಿನ ಹೀಗಾದರೆ ‘ನಿನಗೆ ದಮ್ಮಿಲ್ಲ ಕಣೋ’ ಎಂಬ ಬಿರುದು ಖಾಯಂ. ಪಾಪ, ದಮ್ಮು ಅವನಿಗೆ ಬೇಕಾದಷ್ಟಿದೆ. ತುಟಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಇದನ್ನು ಪ್ರಾಥಮಿಕ ಶಾಲೆಯಲ್ಲೇ ಹೇಳಿಕೊಡಬಹುದು. ಶುರುವಿನ ಕೆಲವು ವಾರ ವಾದ್ಯವೂ ಬೇಡ.

ಯಾರು ಯಾರ ನೆಂಟರು?

ಮೊದಲ ಪಿರಿಯಡ್ ಕೇಳುವುದಕ್ಕೆ ಇರಲಿ. ಶಂಖ, ಕೊಂಬು, ನಾಗಸ್ವರ, ಸ್ಯಾಕ್ಸೊಫೋನ್, ಟ್ರಂಪೆಟ್ ಇವನ್ನು ಮೊಬೈಲಿನಲ್ಲಿ ಒಂದೊಂದು ನಿಮಿಷ ಕೇಳಿಸಿ, ಚಿತ್ರವನ್ನೂ ತೋರಿಸಿ. ಯಾವುದು ಯಾವುದಕ್ಕೆ ನೆಂಟ ಎಂದು ಕೇಳಿ. ಮಕ್ಕಳು ಸ್ಯಾಕ್ಸೊಫೋನನ್ನೂ ಟ್ರಂಪೆಟ್ಟನ್ನೂ ಜೊತೆ ಮಾಡಿಬಿಡುತ್ತಾರೆ, ಎರಡೂ ಹಳದಿ ಬಣ್ಣ ನೋಡಿ. ಅಲ್ಲೇ ಪಾಠ ಶುರು.

ಸ್ಯಾಕ್ಸೊಫೋನಿನ ಮೈ ಹಿತ್ತಾಳೆಯದಾದರೂ ಅದರಲ್ಲಿ ಅದುರುವುದು ಜೊಂಡಿನ ಒಂದು ತೆಳು ಪಟ್ಟಿ. ನಾಗಸ್ವರದಲ್ಲೂ ಅದುರುವುದು ಹುಲ್ಲುಜಾತಿಯದೇ ಪೀಪಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥ್ ನಾಗಸ್ವರದ ಮನೆತನದವರು. ಅವರು ದಾಟಿದ್ದು ಪೀಪಿಯಿಂದ ಪೀಪಿಗೆ. ಶಂಖಕ್ಕೆ ಲೋಹದ ಸೋಂಕೇ ಇಲ್ಲ. ಆದರೂ ಅದು ಟ್ರಂಪೆಟ್ಟಿನ ಖಾಸಾ ನೆಂಟ, ಏಕೆಂದರೆ ಎರಡರಲ್ಲೂ ಅದುರುವುದು ಊದುವವರ ತುಟಿಯೇ. ಕೊಡಗಿನ ವಾಲಗದ ಕೊಂಬು, ತುಳುನಾಡಿನ ಕೋಲ–ಕಂಬಳಗಳಲ್ಲಿ ಕೇಳುವ ಕೊಂಬು, ದೇವರ ಉತ್ಸವದ ಮುಂದೆ ಹೋಗುವ ಕಹಳೆ, ದಸರೆಯಲ್ಲಿ ಪೊಲೀಸ್ ಬ್ಯಾಂಡಿನವರು ಹಿಡಿದ ಟ್ರಂಪೆಟ್, ಟ್ರಾಂಬೋನ್ ಎಲ್ಲವೂ ಇದೇ ಬಳಗ. ‘ನಿಮ್ಮೂರಲ್ಲಿ ಇದನ್ನು ಊದುವವರು ಯಾರಿದ್ದಾರೆ?’ ಎಂದು ಕೇಳಿ ನೋಡಿ. ಯಾವುದೋ ಮಗುವಿನ ಮಾವನೋ ತಾತನೋ ಸಿಕ್ಕೇ ಸಿಗುತ್ತಾರೆ. ಮದುವೆ ಬ್ಯಾಂಡಿನ ಮಾಸ್ತರರೊಬ್ಬರನ್ನು ಅರ್ಧ ಗಂಟೆ ಕರೆಸಿದರೆ ಇನ್ನೂ ಒಳ್ಳೆಯದು. ಊರೂರಲ್ಲೂ ಇಂಥ ಕಲಾವಿದರಿದ್ದಾರೆ; ಶಾಲೆಗಳಿಗೆ ಅವರ ನೆನಪಾಗದಿರುವುದು ನನಗೆ ಇವತ್ತಿಗೂ ವಿಚಿತ್ರವಾಗಿಯೇ ಕಾಣುತ್ತದೆ.

ಬುರ್ರ್...

ಹಸುಗೂಸು ತುಟಿ ಅದುರಿಸಿ ‘ಬುರ್’ ಅಂದರೆ ಮಳೆ ಬರುತ್ತದೆ ಎಂದು ನಮ್ಮ ಅಜ್ಜಿಯರು ಹೇಳುವುದುಂಟು. ಆ ಬುರ್‌ಗೂ ಹಿತ್ತಾಳೆ ವಾದ್ಯಕ್ಕೂ ನಡುವೆ ದೂರವೇನಿಲ್ಲ. ಮಕ್ಕಳಿಗೆ ಮೊದಲು ಕುದುರೆಯಂತೆ ತುಟಿ ಸಡಿಲ ಬಿಟ್ಟು ಬುರ್ರ್ ಅನ್ನಿಸಿ. ಕ್ಲಾಸೆಲ್ಲ ನಗು, ಒಂದಷ್ಟು ಉಗುಳಿನ ಹನಿ. ಇರಲಿ ಬಿಡಿ, ಆಮೇಲೆ ಬಿಗಿ ಮಾಡೋಣ.

ಬಿಗಿ ಮಾಡುವ ಕ್ರಮ ಇದು: ‘ಮ್’ ಎನ್ನುವಾಗ ತುಟಿ ಹೇಗೆ ಕೂಡುತ್ತದೋ ಹಾಗೇ ಇಟ್ಟುಕೊಳ್ಳಬೇಕು. ಎರಡು ಕೊನೆಗಳನ್ನು ಅಲ್ಲಾಡದಂತೆ ಹಿಡಿದು, ನಡುವಿನಲ್ಲಿ ಮಾತ್ರ ಗಾಳಿಗೆ ಸಣ್ಣ ದಾರಿ ಬಿಡಬೇಕು. ಕೆನ್ನೆ ಉಬ್ಬಬಾರದು. ಆಗ ಕುದುರೆಯ ಬುರ್ರ್ ಹೋಗಿ ದುಂಬಿಯ ಝೇಂಕಾರ ಬರುತ್ತದೆ. ಬಾರದವರಿಗೆ ಬಲೂನು ತೋರಿಸಿ. ಉಬ್ಬಿಸಿದ ಬಲೂನಿನ ಬಾಯನ್ನು ಎರಡೂ ಕಡೆ ಎಳೆದು ಗಾಳಿ ಬಿಟ್ಟರೆ ಕಿರ್ರೆನ್ನುತ್ತದೆ, ಜೋರಾಗಿ ಎಳೆದಷ್ಟೂ ಸ್ವರ ಮೇಲೇರುತ್ತದೆ. ತುಟಿಯ ಬಿಗಿಗೂ ಸ್ವರಕ್ಕೂ ಇರುವ ಸಂಬಂಧಕ್ಕೆ ಬೇರೆ ವಿವರಣೆಯೇ ಬೇಡ.

ಉಸಿರಿನ ಆಟವೂ ಇದರ ಜೊತೆಗೇ ನಡೆಯಲಿ. ತೆಳು ಕಾಗದದ ಚೂರನ್ನು ಗೋಡೆಗೆ ಹಿಡಿದು, ಕೈ ಬಿಟ್ಟು, ಊದುತ್ತಲೇ ಅದು ಬೀಳದಂತೆ ನೋಡಿಕೊಳ್ಳಬೇಕು. ಹೊಟ್ಟೆಯಿಂದ ಸಮನಾಗಿ ಗಾಳಿ ಬಿಡುವುದು ಮಕ್ಕಳಿಗೆ ತಾನಾಗಿ ಒಲಿಯುತ್ತದೆ. ಒಬ್ಬೊಬ್ಬರಿಗೆ ಎರಡು ನಿಮಿಷ ಸಾಕು, ಜಾಸ್ತಿಯಾದರೆ ತಲೆ ಸುತ್ತುತ್ತದೆ. ಉಬ್ಬಸ ಇರುವ ಮಗುವಿದ್ದರೆ ಮನೆಯವರನ್ನೂ ವೈದ್ಯರನ್ನೂ ಕೇಳಿಕೊಂಡೇ ಮುಂದುವರಿಯಿರಿ.

ವಯಸ್ಸಿನ ಮಾತು. ಮುಂದಿನ ಹಾಲುಹಲ್ಲು ಉದುರುವುದು ಸಾಮಾನ್ಯವಾಗಿ ಆರೇಳು ವರ್ಷಕ್ಕೆ, ಹೊಸವು ಪೂರ್ತಿ ಬೆಳೆಯುವ ಹೊತ್ತಿಗೆ ಎಂಟು. ಬೊಚ್ಚುಬಾಯಿಗೆ ಲೋಹ ಒತ್ತುವುದು ಬೇಡ. ಒಂದು–ಎರಡನೇ ಕ್ಲಾಸಿಗೆ ತುಟಿಯ ಆಟ ಮತ್ತು ಮುಂದೆ ಹೇಳುವ ಪೈಪಿನ ಕಹಳೆ, ಮೂರು–ನಾಲ್ಕನೇ ಕ್ಲಾಸಿಗೆ ವಾದ್ಯ ಎಂದಿಟ್ಟುಕೊಳ್ಳಿ.

ಮೌತ್‌ಪೀಸ್ ಒಂದೇ ಸಾಕು

ಟ್ರಂಪೆಟ್ಟಿನ ಬಾಯಿಗಿಡುವ ತುದಿ ಬಿಚ್ಚಿ ಬರುತ್ತದೆ. ಅದಕ್ಕೆ ಮೌತ್‌ಪೀಸ್ ಎನ್ನುತ್ತಾರೆ. ಪ್ಲಾಸ್ಟಿಕ್ಕಿನವು ಲೋಹದವಕ್ಕಿಂತ ಅಗ್ಗ. ಮಗುವಿಗೊಂದು ಕೊಂಡು ಹೆಸರು ಬರೆದುಬಿಡಿ. ಬಾಯಿಂದ ಬಾಯಿಗೆ ಹೋಗುವ ವಸ್ತುವಿನಲ್ಲಿ ಜುಗ್ಗತನ ಸಲ್ಲದು. ಹಂಚಿಕೊಳ್ಳಲೇಬೇಕಾಗಿ ಬಂದರೆ ಪ್ರತಿ ಸಲವೂ ಸೋಪು ಹಾಕಿ ತೊಳೆದು ಒರೆಸಿ ಕೊಡಬೇಕು, ತುಟಿಯಲ್ಲಿ ಹುಣ್ಣಿರುವ ಮಗುವಿಗೆ ಅವತ್ತು ತಾಳ ಹಾಕುವ ಕೆಲಸ.

ಮೌತ್‌ಪೀಸನ್ನು ಹೆಬ್ಬೆರಳು, ತೋರುಬೆರಳುಗಳಲ್ಲಿ ಮಾತ್ರ ಹಿಡಿಯಲಿ. ಮುಷ್ಟಿಯಲ್ಲಿ ಹಿಡಿದರೆ ಮುಖಕ್ಕೆ ಒತ್ತುತ್ತಾರೆ, ಒತ್ತಿದರೆ ತುಟಿ ಅದುರುವುದಿಲ್ಲ. ಸ್ವರ ಬಾರದಿದ್ದಾಗ ಇನ್ನಷ್ಟು ಒತ್ತುವುದು, ಇನ್ನಷ್ಟು ಜೋರಾಗಿ ಊದುವುದು ಎಲ್ಲ ಮಕ್ಕಳೂ ಮಾಡುವ ಕೆಲಸ, ದೊಡ್ಡವರೂ ಮಾಡುತ್ತಾರೆ. ತುಟಿಯ ನಡುಭಾಗಕ್ಕೆ, ಮೇಲರ್ಧ ಕೆಳಗರ್ಧ ಬರುವಂತೆ ಇಟ್ಟುಕೊಂಡು, ಅದೇ ‘ಮ್’ ಮಾಡಿ ಊದಿದರೆ ಬಾತುಕೋಳಿಯ ಸದ್ದು ಬರುತ್ತದೆ. ಸಣ್ಣ ಕನ್ನಡಿ ಇದ್ದರೆ ಕೆನ್ನೆ ಉಬ್ಬಿದ್ದು ಅವರಿಗೇ ಕಾಣುತ್ತದೆ. ಸದ್ದು ಬಂದ ಮೇಲೆ ಆಂಬುಲೆನ್ಸ್ ಆಟ: ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಬೇಕು. ಈ ಆಟವನ್ನು ಬೇಜಾರಾಗುವಷ್ಟು ಆಡಿಸಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಪೈಪಿನ ಕಹಳೆ

ಗಿಡಕ್ಕೆ ನೀರು ಬಿಡುವ ಅರ್ಧ ಇಂಚಿನ ಹೊಸ ಪೈಪು, ಎಣ್ಣೆ ಸುರಿಯುವ ಪ್ಲಾಸ್ಟಿಕ್ ಲಾಳಿಕೆ, ಗಮ್ ಟೇಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ. ಪೈಪನ್ನು ನಾಲ್ಕೂವರೆ ಅಡಿಗೆ ಕತ್ತರಿಸಿ. ಒಂದು ತುದಿಗೆ ಮೌತ್‌ಪೀಸ್ ತುರುಕಿ, ಸಡಿಲವಾದರೆ ಟೇಪು ಸುತ್ತಿ. ಇನ್ನೊಂದು ತುದಿಗೆ ಲಾಳಿಕೆಯ ಮೂತಿ ಸಿಕ್ಕಿಸಿ. ಸಂದಿಯಲ್ಲಿ ಗಾಳಿ ಸೋರಬಾರದು. ಊದಿ.

ನಾಲ್ಕೂವರೆ ಅಡಿಯೇ ಏಕೆಂದರೆ, ಸುರುಳಿ ಬಿಚ್ಚಿ ಅಳೆದರೆ ಸಾಮಾನ್ಯ ಟ್ರಂಪೆಟ್ಟಿನ ಕೊಳವೆಯೂ ಹತ್ತಿರಹತ್ತಿರ ಅಷ್ಟೇ ಉದ್ದ, ಸುಮಾರು ಒಂದೂವರೆ ಮೀಟರ್. ಅಷ್ಟುದ್ದದ್ದನ್ನು ಹಿಡಿದುಕೊಂಡು ಓಡಾಡುವುದು ಕಷ್ಟವೆಂದು ಮಡಚಿದ್ದಾರೆ. ಪೈಪನ್ನು ನೀವೂ ಮಕ್ಕಳ ಎದುರೇ ಒಂದು ಸುತ್ತು ಸುತ್ತಿ ಊದಿ, ಸ್ವರ ಬದಲಾಗುವುದಿಲ್ಲ. ಕೊಂಬು ಬಾಗಿದ್ದರೂ ಕಹಳೆ ನೆಟ್ಟಗಿದ್ದರೂ ಗಾಳಿಗೆ ಅದರಿಂದ ಅಂಥ ವ್ಯತ್ಯಾಸವೇನಿಲ್ಲ ಎಂಬುದು ಕಣ್ಣೆದುರೇ ಸಾಬೀತು. ಇನ್ನೊಂದು ಪೈಪನ್ನು ಒಂಬತ್ತು ಅಡಿಗೆ ಕತ್ತರಿಸಿ ಊದಿದರೆ ಸ್ವರ ಧೊಪ್ಪೆಂದು ಕೆಳಗಿಳಿಯುತ್ತದೆ. ಟ್ರಾಂಬೋನಿನ ಕೊಳವೆ ಟ್ರಂಪೆಟ್ಟಿನ ದುಪ್ಪಟ್ಟು ಉದ್ದವಿರುವುದರಿಂದಲೇ ಅದರ ದನಿ ಗಡುಸು.

ಪೈಪಿನಲ್ಲಿ ಮಕ್ಕಳು ಇನ್ನೊಂದನ್ನು ತಾವೇ ಕಂಡುಕೊಳ್ಳುತ್ತಾರೆ. ಮೌತ್‌ಪೀಸಿನಲ್ಲಿ ಸ್ವರ ಜಾರುತ್ತಿತ್ತು, ಪೈಪಿನಲ್ಲಿ ಅದು ನೆಗೆಯುತ್ತದೆ! ತುಟಿ ಬಿಗಿ ಮಾಡುತ್ತ ಹೋದರೆ ನಡುವಿನ ಸ್ವರಗಳನ್ನೆಲ್ಲ ಬಿಟ್ಟು ಮೇಲಿನ ಮೆಟ್ಟಿಲಿಗೆ ಟಕ್ಕನೆ ಹಾರುತ್ತದೆ. ಕೊಳವೆ ತನಗೆ ಒಪ್ಪುವ ಸ್ವರಗಳಿಗಷ್ಟೇ ಜಾಗ ಕೊಡುತ್ತದೆ. ಪೈಪಿನ ಶ್ರುತಿ ತುಸು ಅಡ್ಡಾದಿಡ್ಡಿ, ಅದನ್ನು ತಿದ್ದಲು ಹೋಗಬೇಡಿ. ಮೂವತ್ತು ಮಕ್ಕಳು ಒಟ್ಟಿಗೆ ಊದಿದರೆ ಪಕ್ಕದ ಕ್ಲಾಸಿನ ಗಣಿತ ಕೆಡುತ್ತದೆ, ಹೆಡ್‌ಮಾಸ್ಟರ ಮೂಡು ಕೂಡ. ಹಾಗಾಗಿ ಕೊನೆಯ ಪಿರಿಯಡ್, ಮೈದಾನದ ಮೂಲೆ, ನಾಲ್ಕು ನಾಲ್ಕು ಮಕ್ಕಳ ಸರದಿ. ಲಾಳಿಕೆ ಯಾರ ಕಿವಿಗೂ ನೇರವಾಗಿ ಇರಬಾರದು.

ವಾದ್ಯ ಕೈಗೆ ಬಂದಾಗ

ಏನು ಕೊಳ್ಳಬೇಕು? ಪುಟ್ಟ ಕೈಗಳಿಗೆ ಟ್ರಂಪೆಟ್ಟಿಗಿಂತ ಅದರದೇ ಗಿಡ್ಡ ನೆಂಟ ಕಾರ್ನೆಟ್ ವಾಸಿ. ಕೊಳವೆಯ ಉದ್ದ ಒಂದೇ ಆದರೂ ಕಾರ್ನೆಟ್ಟಿನಲ್ಲಿ ಹೆಚ್ಚು ಸುತ್ತಿರುವುದರಿಂದ ಭಾರ ಮೈಯ ಹತ್ತಿರವೇ ಬೀಳುತ್ತದೆ, ತೋಳು ನೋಯುವುದಿಲ್ಲ. ಟ್ರಾಂಬೋನಿನ ಜಾರುಕೊಳವೆಯ ಕೊನೆಗೆ ಮಕ್ಕಳ ಕೈ ಎಟುಕದು. ಬ್ರಿಟನ್ನಿನ ಪ್ರಾಥಮಿಕ ಶಾಲೆಗಳಲ್ಲಿ ಇಡೀ ಕ್ಲಾಸಿಗೇ ಒಟ್ಟಿಗೆ ಊದುವುದನ್ನು ಕಲಿಸುವ ಪದ್ಧತಿ ಇದೆ, ಅಲ್ಲಿ ಹಗುರವಾದ, ಬಿದ್ದರೂ ಸುಲಭಕ್ಕೆ ನೆಗ್ಗದ ಪ್ಲಾಸ್ಟಿಕ್ ಟ್ರಂಪೆಟ್, ಟ್ರಾಂಬೋನ್‌ಗಳು ಬಳಕೆಗೆ ಬಂದಿವೆ. ಸಿಕ್ಕರೆ ಅವೂ ಆದೀತು. ನಮ್ಮ ಮದುವೆ ಬ್ಯಾಂಡುಗಳು ಬಳಸುವ ವಾದ್ಯಗಳಲ್ಲಿ ಬಹಳಷ್ಟು ಉತ್ತರಪ್ರದೇಶದ ಮೀರತ್‌ನಲ್ಲಿ ತಯಾರಾಗುವಂಥವು, ವಿದೇಶಿ ಬ್ರ್ಯಾಂಡುಗಳಿಗಿಂತ ಅಗ್ಗ. ಶಂಖದಿಂದ ಬಂದರಷ್ಟೇ ತೀರ್ಥ ಎಂದು ಕೂರಬೇಡಿ. ಹೈಸ್ಕೂಲಿನ ಬೀರುವಿನಲ್ಲಿ ಧೂಳು ತಿನ್ನುತ್ತಿರುವ ಹಳೆಯ ಬ್ಯೂಗಲ್ ಕೂಡ ನಡೆಯುತ್ತದೆ.

ಮೌತ್‌ಪೀಸನ್ನು ವಾದ್ಯಕ್ಕೆ ಮೆಲ್ಲಗೆ ಇಟ್ಟು ಒಂಚೂರು ತಿರುಗಿಸಿದರೆ ಸಾಕು. ಅಂಗೈಯಿಂದ ಗುದ್ದಿದರೆ ಸಿಕ್ಕಿಕೊಂಡು ಬರುವುದೇ ಇಲ್ಲ. ಎಡಗೈ ವಾದ್ಯದ ಭಾರ ಹೊರಲಿ. ಬಲಗೈಯ ತೋರು, ನಡು, ಉಂಗುರ ಬೆರಳುಗಳು ಮೂರು ಗುಂಡಿಗಳ ಮೇಲೆ. ಬಾಯಿಗೆ ಹತ್ತಿರದ್ದು ಒಂದು, ಆಮೇಲೆ ಎರಡು, ಮೂರು.

ಗುಂಡಿ ಒತ್ತದೆ ಊದಿಸಿ. ಕೆಲವರಿಗೆ ಷಡ್ಜ (ಸ) ಬರುತ್ತದೆ, ಕೆಲವರಿಗೆ ನೇರವಾಗಿ ಪಂಚಮ (ಪ). ಯಾವುದು ಬಂದರೂ ಸರಿ. ಗುಂಡಿ ಒತ್ತದೆಯೇ ಈ ವಾದ್ಯದಲ್ಲಿ ಸ, ಪ, ಮೇಲಿನ ಸ, ಅದರಾಚೆ ಗ, ಮತ್ತೆ ಪ ಸಿಗುತ್ತವೆ. ಗುಂಡಿಯೇ ಇಲ್ಲದ ಬ್ಯೂಗಲ್ಲಿನ ಕರೆಗಳೆಲ್ಲ ಈ ಸ್ವರಗಳಲ್ಲೇ ಮುಗಿಯುತ್ತವೆ. ತಂಬೂರಿಯಲ್ಲಿ ದಿನವೂ ಕೇಳುವ ಸ–ಪ ಇಲ್ಲಿ ಬರೀ ಕೊಳವೆಯಿಂದಲೇ ಎದ್ದು ಬರುತ್ತದೆ. ಹಾಡುಗಾರಿಕೆ ಕಲಿಯುತ್ತಿರುವ ಮಕ್ಕಳ ಮುಖ ಆಗ ನೋಡಬೇಕು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇದ್ದರೆ ಎ ಶಾರ್ಪ್‌ಗೆ ಇಡಿ, ನಮ್ಮ ಲೆಕ್ಕದಲ್ಲಿ ಆರೂವರೆ ಮನೆ. ಸಾಮಾನ್ಯ ಟ್ರಂಪೆಟ್, ಕಾರ್ನೆಟ್‌ಗಳ ಷಡ್ಜ ಅಲ್ಲಿಗೇ ಕೂಡುತ್ತದೆ.

ಬೆರಳುಗಳ ಲೆಕ್ಕ ಹೀಗೆ: ಸ ಬಿಟ್ಟಬೆರಳು (ಯಾವ ಗುಂಡಿಯನ್ನೂ ಒತ್ತದೆ), ರಿ ಒಂದು–ಮೂರನೇ ಗುಂಡಿ, ಗ ಒಂದು–ಎರಡು, ಮ ಒಂದು, ಪ ಮತ್ತೆ ಬಿಟ್ಟಬೆರಳು. ಮುಂದೆ ದ ಒಂದು–ಎರಡು, ನಿ ಎರಡು, ಮೇಲಿನ ಸ ಬಿಟ್ಟಬೆರಳು. ಇದು ಶಂಕರಾಭರಣ ರಾಗ. ನಮ್ಮಲ್ಲಿ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ, ಮಾಯಾಮಾಳವಗೌಳ ರಾಗದಲ್ಲೇ ಆಗಬೇಕೆಂಬ ಪದ್ಧತಿ ಗೊತ್ತೇ ಇದೆ. ಆದರೆ ಅದರ ಶುದ್ಧ ರಿಷಭಕ್ಕೆ ಮೂರೂ ಗುಂಡಿ ಒತ್ತಬೇಕು, ಶುದ್ಧ ಧೈವತಕ್ಕೆ ಎರಡು–ಮೂರು. ಎಳೆಯ ಉಂಗುರ ಬೆರಳಿಗೆ ಅದು ಶಿಕ್ಷೆ. ಇಲ್ಲಿ ಸಂಪ್ರದಾಯವನ್ನು ಸ್ವಲ್ಪ ಬದಿಗಿಟ್ಟು ಶಂಕರಾಭರಣದ ಮೊದಲ ಐದು ಸ್ವರಗಳಿಂದ ಶುರು ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಎಂಟೂ ಬಂದ ಮೇಲೆ ಮಧ್ಯಮ (ಮ), ನಿಷಾದ (ನಿ) ಬಿಟ್ಟರೆ ಮೋಹನ ರಾಗ ಕೈಗೆ ಬರುತ್ತದೆ. ಸ–ಪ ಎರಡಕ್ಕೂ ಬೆರಳು ಒಂದೇ, ಗ–ದ ಎರಡಕ್ಕೂ ಬೆರಳು ಒಂದೇ. ಯಾವುದು ಬರಬೇಕೆಂದು ತೀರ್ಮಾನಿಸುವುದು ತುಟಿ. ಅದಕ್ಕೇ ಊದುವ ಮುಂಚೆ ಪ್ರತಿ ಸ್ವರವನ್ನೂ ಬಾಯಲ್ಲಿ ಹಾಡಿಸಿ. ಹಾಡಲು ಬಾರದ ಸ್ವರ ತುಟಿಗೂ ಬರುವುದಿಲ್ಲ.

ಹತ್ತು ನಿಮಿಷದ ಊದಾಟಕ್ಕೆ ಹತ್ತು ನಿಮಿಷ ಬಿಡುವು ಇರಲಿ. ಒಬ್ಬರು ಸ–ಪ–ಸ ಊದಿದರೆ ಮೈದಾನದ ಆ ತುದಿಯ ಗುಂಪು ಅದನ್ನೇ ಮಾರ್ದನಿಸುವ ಆಟ ನಡೆಯಲಿ, ಬಿಡುವಿನಲ್ಲಿರುವವರು ಆದಿತಾಳ ಹಾಕಲಿ. ಐದು ಸ್ವರ ಸಿದ್ಧವಾದರೆ ವಾರ್ಷಿಕೋತ್ಸವಕ್ಕೆ ಒಂದು ಸ್ವಾಗತದ ಕರೆಗೆ ಸಾಕು. ಸಿನಿಮಾ ಹಾಡೇ ಊದಲಿ ಎಂಬ ಪೋಷಕರ ಒತ್ತಾಯಕ್ಕೆ ಮೊದಲ ವರ್ಷ ಮಣಿಯಬೇಡಿ.

ತೊಳೆಯುವುದು, ಒರೆಸುವುದು

ಕೊಳವೆಯಿಂದ ತೊಟ್ಟಿಕ್ಕುವ ನೀರಿನಲ್ಲಿ ಹೆಚ್ಚಿನದು ಉಗುಳಲ್ಲ. ಬಿಸಿ ಉಸಿರು ತಣ್ಣನೆಯ ಲೋಹಕ್ಕೆ ತಾಗಿ ನೀರಾದದ್ದು. ಪ್ರತಿ ತರಗತಿ ಮುಗಿದಾಗ ಕೊಳವೆಗಿರುವ ನೀರು ಬಿಡುವ ಕೀಲಿ ಒತ್ತಿ ಬಸಿದು, ಹಳೆಯ ಬಟ್ಟೆಯಿಂದ ಒರೆಸಿಡಲಿ. ಗುಂಡಿಗಳ ಕವಾಟಕ್ಕೆ ವಾರಕ್ಕೊಮ್ಮೆ ಅದಕ್ಕೆಂದೇ ಸಿಗುವ ಎಣ್ಣೆ ಎರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಹಾಕಿದರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಗುಂಡಿ ಮೇಲೇಳದು. ಕವಾಟಗಳ ಮೇಲೆ 1, 2, 3 ಎಂದು ಕೊರೆದಿರುತ್ತದೆ. ಅದಲುಬದಲಾದರೆ ಗಾಳಿಯೇ ಹೋಗುವುದಿಲ್ಲ, ವಾದ್ಯ ಕೆಟ್ಟಿತೆಂದು ಗಾಬರಿಯಾಗುತ್ತದೆ. ಸಿಕ್ಕಿಕೊಂಡ ಮೌತ್‌ಪೀಸಿಗೆ ಇಕ್ಕಳ ಹಾಕಬೇಡಿ, ಕೊಳವೆ ತಿರುಚಿಕೊಳ್ಳುತ್ತದೆ. ಬ್ಯಾಂಡಿನವರ ಬಳಿ ಅದನ್ನು ಎಳೆಯುವ ಸಲಕರಣೆ ಇರಬಹುದು, ಇಲ್ಲದಿದ್ದರೂ ರಿಪೇರಿ ಎಲ್ಲಿ ಎಂದು ಅವರಿಗೆ ಗೊತ್ತಿರುತ್ತದೆ.

ಹಬ್ಬದ ಹಿಂದಿನ ದಿನ ಹಿತ್ತಾಳೆ ಎಂದೊಡನೆ ಹುಣಸೆಹಣ್ಣು ತರುವವರು ಪ್ರತಿ ಶಾಲೆಯಲ್ಲೂ ಒಬ್ಬರಿರುತ್ತಾರೆ. ದೇವಸ್ಥಾನದ ಕೊಂಬಿಗೆ ಅದು ಸರಿ. ಟ್ರಂಪೆಟ್ಟಿನ ಮೇಲೆ ಸಾಮಾನ್ಯವಾಗಿ ಕಣ್ಣಿಗೆ ಕಾಣದ ತೆಳು ಲೇಪ ಇರುತ್ತದೆ. ಹುಣಸೆ ಹಚ್ಚಿ ತಿಕ್ಕಿದರೆ ಲೇಪ ಕಿತ್ತು ಹೋಗಿ ಮೈಯೆಲ್ಲ ಮಚ್ಚೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ, ಮೆತ್ತನೆಯ ಬಟ್ಟೆ. ಅಷ್ಟೇ ಸಾಕೆಂದು ಅವರಿಗೆ ಮೊದಲೇ ಹೇಳಿಡಿ.