ಹೆಸರು ಕೇಳದೆ ಮಾಡಿದ ಸಂದರ್ಶನಗಳು

ಬೆಂಗಳೂರಲ್ಲಿ ಗಾಂಜಾ ಮತ್ತು ಚಟ ಹಿಡಿಸುವ ನೋವಿನ ಮಾತ್ರೆ ಎರಡನ್ನೂ ತಗೊಳ್ಳುವ ಹುಡುಗರ ಬಗ್ಗೆ ಅಧ್ಯಯನ ಶುರು ಮಾಡಿದಾಗ ನಾನು ಮೊದಲು ಬದಲಾಯಿಸಿದ್ದು ಒಪ್ಪಿಗೆ ಪತ್ರವನ್ನು. ಪತ್ರ ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು ಅಂತ ಸಮಾಜಕಾರ್ಯದ ಸ್ನಾತಕೋತ್ತರ ಓದಿನಲ್ಲಿ (ಎಂ.ಎಸ್.ಡಬ್ಲ್ಯು.) ಕಲಿತಿದ್ದೆ. ಆದರೆ 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೇ ಅಪರಾಧ. ಹೆರಾಯಿನ್, ಕೊಕೇನ್ ಆದರೆ ಒಂದು ವರ್ಷದವರೆಗೆ ಜೈಲು, ಗಾಂಜಾಗೆ ಆರು ತಿಂಗಳವರೆಗೆ. ಹೀಗಿರುವಾಗ ‘ನಾನು ಸೇದುತ್ತೇನೆ’ ಅನ್ನೋ ಕಾಗದಕ್ಕೆ ಯಾರು ತಾನೇ ಸಹಿ ಹಾಕುತ್ತಾರೆ? ಅಧ್ಯಯನದ ನೈತಿಕತೆ ನೋಡುವ ಎಥಿಕ್ಸ್ ಕಮಿಟಿಗೆ ಕಾರಣ ಬರೆದು, ಬಾಯಿಮಾತಿನ ಒಪ್ಪಿಗೆ ಸಾಕು ಅಂತ ಅನುಮತಿ ಪಡೆದೆ. ಹದಿನೆಂಟು ದಾಟಿದವರನ್ನು ಮಾತ್ರ ಸೇರಿಸಿಕೊಂಡೆ. ಹೆಸರು, ಫೋನ್ ನಂಬರ್ ಯಾವುದೂ ಬೇಡ.

ಇಂಥವರ ಪಟ್ಟಿ ಎಲ್ಲೂ ಸಿಗಲ್ಲ. ಅದಕ್ಕೆ ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕಥಾರ್ನ್ 1997ರಲ್ಲಿ ವಿವರಿಸಿದ ಕೂಪನ್ ಪದ್ಧತಿ ಹಿಡಿದೆ. ಮಾತಾಡಿದವರು ತಮ್ಮ ಪರಿಚಯದವರಿಗೆ ಕೂಪನ್ ಕೊಡುತ್ತಾರೆ, ಅವರು ತಾವಾಗಿ ಬರುತ್ತಾರೆ. ಒಬ್ಬರಿಗೆ ಮೂರೇ ಕೂಪನ್. ಇಲ್ಲದಿದ್ದರೆ ಸ್ನೇಹಿತರು ಜಾಸ್ತಿ ಇರುವವನ ಗುಂಪೇ ಅಧ್ಯಯನವನ್ನೆಲ್ಲ ತುಂಬಿಬಿಡುತ್ತದೆ.

‘ಯಾಕೆ ಶುರು ಮಾಡಿದೆ?’ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಸಹವಾಸ ದೋಷ ಅಕ್ಕ." ಮನೆಯಲ್ಲಿ, ಠಾಣೆಯಲ್ಲಿ, ಕೌನ್ಸೆಲಿಂಗಲ್ಲಿ ಹೇಳಿ ಹೇಳಿ ಬಾಯಿಪಾಠ ಆಗಿತ್ತು. ಸುಳ್ಳು ಅಂತಲ್ಲ, ಆದರೆ ಅದರಿಂದ ಏನೂ ತಿಳಿಯಲ್ಲ. ಆ ಪ್ರಶ್ನೆ ಕೈಬಿಟ್ಟು, "ನಿನ್ನೆ ಬೆಳಗ್ಗೆ ಎದ್ದಾಗಿಂದ ಹೇಳಪ್ಪ" ಅಂದೆ. ಆಗ ಬಂತು ನೋಡಿ: ಲೋಡಿಂಗ್ ಕೆಲಸದ ಸೊಂಟನೋವು, ಅದಕ್ಕೆ ತಗೊಂಡ ಮಾತ್ರೆ, ಮಾತ್ರೆ ತಪ್ಪಿದರೆ ಸುರಿಯುವ ಮೂಗು, ಮೈಕೈ ನೋವು, ಭೇದಿ. ಎಷ್ಟೋ ಜನ ಕಿಕ್‌ಗೋಸ್ಕರ ತಗೊಳ್ಳುವುದನ್ನು ಬಿಟ್ಟು ಕಾಲವೇ ಆಗಿತ್ತು. ಕೆಲಸಕ್ಕೆ ಹೋಗೋಕೆ ತಗೊಳ್ಳುತ್ತಿದ್ದರು. ಹೀಗೆ ಮೈ ಹಿಂಡುತ್ತಿರುವವನ ಹತ್ತಿರ ಮಾತ್ರ ಸಂದರ್ಶನ ಮಾಡಬಾರದು. ಬೇಗ ಮುಗಿಸಿ ಎದ್ದು ಹೋಗೋಕೆ ಎಲ್ಲದಕ್ಕೂ ಹೌದು ಅಂತಾನೆ.

ಚಿಕಿತ್ಸೆಯ ವಿಷಯ ಕೊನೆಗೆ ಕೇಳುತ್ತಿದ್ದೆ. ತಾನಾಗಿ ಮಾನ್ಯತೆ ಇರುವ ಆಸ್ಪತ್ರೆಗೆ ಹೋಗುವ ವ್ಯಸನಿಗೆ ಸೇವನೆಯ ಕೇಸಿನಿಂದ ರಕ್ಷಣೆ ಕೊಡುವ 64ಎ ಸೆಕ್ಷನ್ ಅದೇ ಕಾಯ್ದೆಯಲ್ಲಿದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ನಾನು ಮಾತಾಡಿಸಿದವರಲ್ಲಿ ಇದರ ಬಗ್ಗೆ ಗೊತ್ತಿದ್ದವರೇ ಇರಲಿಲ್ಲ. "ಆಸ್ಪತ್ರೆಗೆ ಹೋದ್ರೆ ಪೊಲೀಸ್ ಬರಲ್ವಾ ಅಕ್ಕ?" ಅನ್ನೋರು. ಏಮ್ಸ್ ತಜ್ಞರು 2019ರಲ್ಲಿ ಕೊಟ್ಟ ರಾಷ್ಟ್ರೀಯ ವರದಿಯಲ್ಲಿ, ಅಕ್ರಮ ಡ್ರಗ್ಸ್‌ಗೆ ಅವಲಂಬಿತರಾದ 20 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತಿದೆ. ಹಾಸಿಗೆ ಕಮ್ಮಿ, ವೈದ್ಯರು ಕಮ್ಮಿ ಅಂತ ನೀತಿ ಮಾಡುವವರು ಹೇಳುತ್ತಾರೆ. ಅದೂ ಇದೆ. ಆದರೆ ನನಗೆ ಎದುರಾಗಿದ್ದು ಹೆಚ್ಚಾಗಿ ಈ ಭಯವೇ.

ವರದಿ ಬರೆಯುವಾಗ ಬೀದಿ, ಮೆಡಿಕಲ್ ಶಾಪ್, ಬಸ್ ಸ್ಟಾಪ್ ಹೆಸರುಗಳನ್ನೆಲ್ಲ ತೆಗೆದೆ. ‘ಜಾಗ ಗೊತ್ತಾಗದೆ ಸರ್ಕಾರ ಏನು ಮಾಡುತ್ತೆ?’ ಅಂತ ಪರಿಶೀಲಕರೊಬ್ಬರು ಆಕ್ಷೇಪಿಸಿದರು. ವರದಿಯನ್ನು ಆರೋಗ್ಯ ಇಲಾಖೆ ಒಂದೇ ಓದಲ್ಲ, ಪೊಲೀಸರೂ ಓದುತ್ತಾರೆ ಅಂತ ಉತ್ತರ ಬರೆದೆ. ಹೆಸರು ಸೇರಿಸಲಿಲ್ಲ.